ಅಮ್ಮನ ಕಾವಲಿ

'ಎಲ್ಲರ ಮನೆ ದೋಸೆಯೂ ತೂತೇ' ಎಂಬ ಗಾದೆ ನಮಗೆಲ್ಲ ಗೊತ್ತು. ದೋಸೆ ಕಾವಲಿಯಿಂದ ಏಳದೇ ಹೋದರೆ ಏನು ಗತಿ ಎಂಬುದಕ್ಕೆ ಮಾತ್ರ ಗಾದೆ ಇದ್ದಂತಿಲ್ಲ. ಕಳೆದ ಚಳಿಗಾಲದಲ್ಲಿ ನಮಗೆ ಬಂದದ್ದು ಅದೇ ಪಾಡು.

1998ರಲ್ಲಿ ನಾವು ಡೆಟ್ರಾಯಿಟಿನಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಾಗ ಅಮ್ಮ ಊರಿನಿಂದ ಬೀಡಿನ ಕಾವಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದರು. ಬೆಳಿಗ್ಗೆ ಅವರು ದೋಸೆ ಹುಯ್ದು ಕೊಟ್ಟರೆ ನಾವು ಕೋಟು ಹಾಕಿಕೊಳ್ಳುತ್ತ, ನಿಂತೇ ತಿಂದು ಆಸ್ಪತ್ರೆಗೆ ಓಡುತ್ತಿದ್ದೆವು. ಮುಂದೆ ಶಿಕಾಗೋ ಬಳಿಯ ನೇಪರ್‌ವಿಲ್‌ಗೆ ಮನೆ ಬದಲಾಯಿಸಿದೆವು. ಅಮ್ಮ ತೀರಿಕೊಂಡ ಮೇಲೆ, "ಅದರಲ್ಲಿ ಅಮ್ಮನ ಕೈ ಇದೆ, ಉಜ್ಜಿ ಕೆಡಿಸಬೇಡಿ ಕಣ್ರೋ" ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನಾವು ಭಕ್ತಿಯಿಂದ ಕಾವಲಿಯನ್ನು ಬೇಸ್‌ಮೆಂಟಿನಲ್ಲಿಟ್ಟು ನಾನ್‌ಸ್ಟಿಕ್ ಕೊಂಡೆವು. ವರ್ಷಗಳ ನಂತರ ತೆಗೆದು ನೋಡಿದರೆ ಮೈಯೆಲ್ಲ ಕೆಂಪು ತುಕ್ಕು, ಅಂಚಿನಲ್ಲಿ ಜಿಡ್ಡಿನ ಹಕ್ಕಳೆ. ಹಾಗೆಯೇ ತೊಳೆದು ಹುಯ್ದ ದೋಸೆ ಅಲ್ಲೇ ಅಂಟಿಕೊಂಡಿತು.

ಉಜ್ಜುವುದೋ, ಬಿಡುವುದೋ? ಪಕ್ಕದ ಮನೆಯ ಅಮೆರಿಕನ್ ಅಜ್ಜಿಯ ಬಳಿ ಅವರಜ್ಜಿಯ ಕಾಲದ ಗ್ರಿಸ್ವೋಲ್ಡ್ ಬಾಣಲೆಯಿದೆ. ಪೆನ್ಸಿಲ್ವೇನಿಯಾದ ಈರಿ ಪಟ್ಟಣದ ಆ ಕಾರ್ಖಾನೆ 1957ರಲ್ಲೇ ಮುಚ್ಚಿತು. ಬಾಣಲೆ ಇಂದಿಗೂ ದಿನಾ ಒಲೆ ಏರುತ್ತದೆ. ಎರಡು ಸಲ ತುಕ್ಕು ಹಿಡಿದಿತ್ತಂತೆ, ಎರಡು ಸಲವೂ ಉಜ್ಜಿ ಪಳಗಿಸಿದರಂತೆ. ಅವರು ಹೇಳಿಕೊಟ್ಟಂತೆ ಮಾಡಿದೆವು. ವಿನಿಗರ್ ಮತ್ತು ನೀರು ಸಮಪಾಲು ಬೆರೆಸಿ ಅರ್ಧ ಗಂಟೆ ಮೀರದಂತೆ ನೆನೆಸಿದೆವು. ಹೆಚ್ಚಾದರೆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ಸ್ಟೀಲ್ ನಾರಿನಿಂದ ಉಜ್ಜಿ, ತೊಳೆದು, ತಕ್ಷಣ ಒಲೆಯ ಮೇಲೆ ಒಣಗಿಸಿದೆವು. ತೆಳ್ಳಗೆ ಎಣ್ಣೆ ಸವರಿ, ಅದನ್ನೂ ಬಟ್ಟೆಯಿಂದ ಒರೆಸಿ, ಓವನ್ನಿನಲ್ಲಿ ಬೋರಲು ಹಾಕಿ 450 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಒಂದು ಗಂಟೆ ಇಟ್ಟೆವು. ಹೀಗೆ ನಾಲ್ಕು ಸಲ. ಶಾಖಕ್ಕೆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ, ಪಳಗುವುದೆಂದರೆ ಇದೇ. (ವೈದ್ಯರಾಗಿ ಒಂದು ಮಾತು: ಗರಾಜ್ ಸೇಲಿನ ಹಳೆಯ ಬಾಣಲೆಯಲ್ಲಿ ಯಾರಾದರೂ ಸೀಸ ಕರಗಿಸಿರಬಹುದು. ಪರೀಕ್ಷಿಸದೆ ಅಡುಗೆ ಮಾಡಬೇಡಿ.)

ಉಜ್ಜುವಾಗ ನಮಗೆ ಹೊಳೆದದ್ದಿಷ್ಟು. ಎಲ್ಲಿ ಹೋದೀತೋ ಎಂದು ನಾವು ಹೆದರಿದ್ದ ಪೊರೆ ಒಂದು ಭಾನುವಾರದಲ್ಲಿ ಮತ್ತೆ ಬಂತು. ತುಕ್ಕಾಗಿ ಉದುರಿದ್ದಾದರೋ ಕಾವಲಿಯ ಕಬ್ಬಿಣವೇ. ಅದು ಇನ್ನು ಬರುವುದಿಲ್ಲ. ಮುಟ್ಟದೆ ಇಟ್ಟದ್ದನ್ನು ನಾವು ಗೌರವ ಎಂದುಕೊಂಡಿದ್ದೆವು. ಅಂದು ಕುಳಿತು ತಿನ್ನದ ದೋಸೆಗೆ ಪ್ರಾಯಶ್ಚಿತ್ತವೂ ಅದರಲ್ಲಿ ಸೇರಿತ್ತೇನೋ. ಅಮ್ಮ ನೋಡಿದ್ದರೆ ಸೋಮಾರಿತನ ಎನ್ನುತ್ತಿದ್ದರು.

ಹಿರಿಯರಿಂದ ಬಂದದ್ದನ್ನು ಬದಲಿಸುವ ಹಕ್ಕು ನಮಗಿದೆಯೇ? ಯುಗಾದಿಯ ಊಟಕ್ಕೆ ಕೂತಾಗಲೆಲ್ಲ ನಮ್ಮ ಕೂಟದಲ್ಲಿ ಏಳುವ ಪ್ರಶ್ನೆ ಇದು. ದಿನವೂ ಬಳಸುವವರಿಗೆ ಉಜ್ಜುವ ಹಕ್ಕಿದೆ ಎಂದು ನಮಗೀಗ ಅನ್ನಿಸುತ್ತದೆ. ಜೊತೆಗೆ ಪಳಗಿಸುವ ಹೊಣೆಯೂ ಇದೆ. ಉಜ್ಜಿದ ಬರಿ ಕಬ್ಬಿಣವನ್ನು ಎಣ್ಣೆ ಕಾಣಿಸದೆ ಬಿಟ್ಟರೆ ಬೆಳಗಾಗುವುದರೊಳಗೆ ಮತ್ತೆ ತುಕ್ಕು.

ಅಕ್ಕನಿಗೆ ಅಂಜುತ್ತಲೇ ಫೋನು ಮಾಡಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅರ್ಧ ಈರುಳ್ಳಿ ಎಣ್ಣೇಲಿ ಅದ್ದಿ ಸವರಿ, ಅಮ್ಮ ಹಾಗೇ ಮಾಡ್ತಿದ್ರು" ಎಂದಳು. ಮೊದಲನೆಯ ದೋಸೆ ಹರಿಯಿತು. ಎರಡನೆಯದು ಎದ್ದಿತು, ತೂತುಗಳ ಸಮೇತ. ಕುಳಿತೇ ತಿಂದೆವು.

ನಿಮ್ಮ ಬೇಸ್‌ಮೆಂಟಿನಲ್ಲೂ ಇಂಥದೊಂದು ಇದ್ದರೆ ಈ ವಾರಾಂತ್ಯ ತೆಗೆದು ನೋಡಿ.