ಎಕೋ ವರದಿಯ ಅರವತ್ತು


ಕಳೆದ ಶುಕ್ರವಾರ ಜುಮಾ ಮುಗಿಸಿ ಹೊರಬರುವಾಗ ಹಿರಿಯರೊಬ್ಬರು ಎಕೋ ವರದಿಯನ್ನು ನನ್ನ ಕೈಗಿತ್ತರು. ‘ಇಜೆಕ್ಷನ್ ಫ್ರ್ಯಾಕ್ಷನ್ ಶೇ. 60’ ಎಂದಿತ್ತು. “ಉಸ್ತಾದರೇ, ಹೃದಯದ ನಲವತ್ತು ಭಾಗ ಹೋಯಿತಲ್ಲ!” ಎನ್ನುತ್ತಾ ಕಣ್ಣೀರಿಟ್ಟರು. ಮಗಳ ನಿಕಾಹನ್ನು ಅವಸರದಲ್ಲಿ ಮುಗಿಸಲು ಹೊರಟಿದ್ದರಂತೆ.

ನಾನು ವೈದ್ಯನಲ್ಲ. ಆದರೆ ತಂದೆಯವರ ವರದಿಗಳನ್ನು ಹಿಡಿದು ಅಲೆದವನಿಗೆ ಇಷ್ಟು ಗೊತ್ತು: ಅದು ಶಾಲೆಯ ಅಂಕವಲ್ಲ. ಹೃದಯದ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಹೋಗುತ್ತದೆ ಎಂಬ ಲೆಕ್ಕ. ಆರೋಗ್ಯವಂತರಲ್ಲೂ ಅದು ನೂರಾಗದು; ಸುಮಾರು 55ರಿಂದ 70 ಇದ್ದರೆ ಸಹಜ. 40ಕ್ಕಿಂತ ಇಳಿದರೆ ಹೃದಯ ಬಲಗುಂದಿದೆ ಎಂದರ್ಥ, ಅದಕ್ಕೂ ಔಷಧವಿದೆ. ಹಾಗೆಂದು ಅಂಕಿ ಚೆನ್ನಾಗಿದೆಯೆಂದು ಎದೆನೋವನ್ನು ಕಡೆಗಣಿಸಬೇಡಿ. ರಕ್ತನಾಳದ ತಡೆ ಎಕೋದಲ್ಲಿ ಕಾಣದೆಯೂ ಇರಬಹುದು.

ಇನ್ನು ಕೆಲವರಿದ್ದಾರೆ. 35 ಎಂದು ಬಂದ ವರದಿಯನ್ನು ಮಕ್ಕಳಿಗೆ ಕಾಣದಂತೆ ಅಡಗಿಸಿಟ್ಟು, ಮಾತ್ರೆ ಬಿಟ್ಟು ಉಪವಾಸ ಹಿಡಿಯುತ್ತಾರೆ. ಸಹೋದರರೇ, ಇದು ತವಕ್ಕುಲ್ ಅಲ್ಲ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಅವನು ಕೊಟ್ಟದ್ದನ್ನು ಬೇಡವೆನ್ನಲು ನಾವು ಯಾರು? ರಮಝಾನ್ ಬರುವ ಮೊದಲೇ ವೈದ್ಯರನ್ನು ಕೇಳಿ, ಮಕ್ಕಳಿಗೂ ತಿಳಿಸಿ.

ಆ ಹಿರಿಯರು ಮರುದಿನ ವೈದ್ಯರಲ್ಲಿಗೆ ಹೋಗಿಬಂದರು. ನಿಕಾಹ್ ಮೊದಲು ಗೊತ್ತುಮಾಡಿದ ದಿನವೇ ನಡೆಯಲಿದೆ, ಇನ್‌ಶಾ ಅಲ್ಲಾಹ್.