ಬಾಡಿಗೆ ಮನೆ ಮತ್ತು ಉತ್ತರ ಪತ್ರಿಕೆ

ಪರದೇಶಕ್ಕೆ ಹೋದಾಗ ನಾವು ಅಲ್ಲಿಯವರಿಂದ ಏನನ್ನು ಬಯಸುತ್ತೇವೆ? ಕಿರಂಗೂರಿನಿಂದ ಅಮೆರಿಕಕ್ಕೆ ಓದಲು ಹೊರಟ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಹೊರಡುವುದು ಈ ಊರಿನ ಬನ್ನಿಮಂಟಪದಿಂದ. ಊರಿನಲ್ಲಿ ಅವನು ಇಂಥವರ ಮಗ, ಇಂಥ ಬೀದಿಯವನು. ಅಂಗಡಿಯಲ್ಲಿ ಸಾಲ ಸಿಗಲು ಅಷ್ಟು ಸಾಕು. ವಿಮಾನ ಇಳಿದ ಕೂಡಲೇ ಆ ಗುರುತು ಚಲಾವಣೆಯಿಲ್ಲದ ನಾಣ್ಯವಾಗುತ್ತದೆ.

ಅವನಿಗೆ ಬೋಧನಾ ಸಹಾಯಕನ ಕೆಲಸ ಸಿಕ್ಕಿದೆ. ಪ್ರಾಧ್ಯಾಪಕರ ತರಗತಿಗೆ ನೆರವಾಗುವುದು, ವಿದ್ಯಾರ್ಥಿಗಳ ಸಂದೇಹ ಬಿಡಿಸುವುದು, ಉತ್ತರ ಪತ್ರಿಕೆ ತಿದ್ದುವುದು. ಬದಲಿಗೆ ಶುಲ್ಕದಲ್ಲಿ ವಿನಾಯಿತಿ, ತಿಂಗಳಿಗೊಂದಿಷ್ಟು ಭತ್ಯೆ. ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಹಾಗಾಗಿ ಕೈ ಬಿಗಿಯೇ. ಮೊದಲ ಚಿಂತೆ ಬಾಡಿಗೆ ಮನೆಯದು. ಮಾಲೀಕ ಕೇಳುವ ಹಿಂದಿನ ಬಾಡಿಗೆಯ ದಾಖಲೆ, ಸಾಲ ತೀರಿಸಿದ ಚರಿತ್ರೆ ಯಾವುದೂ ಅವನಲ್ಲಿಲ್ಲ. ಇರುವುದು ವಿಶ್ವವಿದ್ಯಾಲಯದ ಒಂದು ಪತ್ರ. ಆಗ ಅವನ ಮನಸ್ಸು ಹೇಳುತ್ತದೆ: ನನ್ನ ಹೆಸರು, ಬಣ್ಣ ನೋಡಬೇಡಿ. ಬಾಡಿಗೆ ಕೊಡುತ್ತೇನೆಯೇ, ಮನೆ ಚೊಕ್ಕಟವಾಗಿ ಇಡುತ್ತೇನೆಯೇ ನೋಡಿ. ಅವನು ಕೇಳುತ್ತಿರುವುದು ದಯೆಯನ್ನಲ್ಲ, ನ್ಯಾಯವನ್ನು.

ಈ ದಾರಿಯಲ್ಲಿ ನಮ್ಮವರು ಹಿಂದೆಯೂ ನಡೆದಿದ್ದಾರೆ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ 1993ರಲ್ಲಿ ತೀರಿಕೊಳ್ಳುವವರೆಗೂ ಷಿಕಾಗೋದಲ್ಲಿ ಕಲಿಸಿದರು. ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ ಕಾದಂಬರಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ. ಅಪರಿಚಿತ ನಗರದ ಬಾಗಿಲು ತೆರೆದಿದ್ದರಿಂದ ಕನ್ನಡಕ್ಕೂ ಲಾಭವಾಯಿತು.

ಆ ಬಾಗಿಲು ತಾನಾಗಿ ತೆರೆದದ್ದಲ್ಲ. ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ನಿರಾಕರಿಸಬಾರದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ. ಮಾಲೀಕರೇ ವಾಸವಿರುವ ಕೆಲವು ಸಣ್ಣ ಕಟ್ಟಡಗಳಿಗೆ ಅದರಲ್ಲಿ ವಿನಾಯಿತಿ ಇದೆ. ಕಾನೂನಿನಿಂದ ತಾತ್ಸಾರವೂ ಅಳಿದಿಲ್ಲ. ಆದರೆ ಅನ್ಯಾಯವಾದಾಗ ದೂರು ಕೊಡುವ ಹಕ್ಕಾದರೂ ಇದೆ.

ಮನೆ ಸಿಕ್ಕಿತು ಎನ್ನೋಣ. ಎರಡನೆಯ ವಾರ ಹುಡುಗನ ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಕಟ್ಟು. ಉಚ್ಚರಿಸಲೂ ಬಾರದ ಹೆಸರುಗಳು. ಅವನ ಇಂಗ್ಲಿಷ್ ಕೇಳಿ ನಕ್ಕ ವಿದ್ಯಾರ್ಥಿಯ ಪತ್ರಿಕೆಯೂ ಅದರಲ್ಲಿದೆ. ನಿನ್ನೆ ಬೇರೆಯವರ ತೀರ್ಪಿಗೆ ಕಾದಿದ್ದವನ ಕೈಯಲ್ಲಿ ಇಂದು ಕೆಂಪು ಶಾಯಿಯ ಪೆನ್ನಿದೆ. ಹೆಸರು ನೋಡದೆ ಉತ್ತರವನ್ನಷ್ಟೇ ನೋಡುವುದು ಈಗ ಅವನ ಸರದಿ. ತನಗೆ ಬೇಕೆಂದು ಕೇಳಿದ ನ್ಯಾಯ ಅವನ ಪಾಲಿಗೆ ಸಾಲ. ತೀರಿಸದಿದ್ದರೆ ಅವನು ಕೇಳಿದ್ದು ನ್ಯಾಯವಲ್ಲ, ಬರೀ ಅನುಕೂಲ.

ಈ ಸಾಲ ಊರಿನಲ್ಲಿರುವ ನಮ್ಮ ಮೇಲೂ ಇದೆ. ಮೈಸೂರು, ಬೆಂಗಳೂರುಗಳಲ್ಲಿ ಮನೆ ಹುಡುಕಿದವರಿಗೆ ಗೊತ್ತು: ಮೊದಲ ಪ್ರಶ್ನೆ ಹೆಸರು, ಎರಡನೆಯದು ಊಟ, ಮೂರನೆಯದು ಜಾತಿ. ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಧರ್ಮ, ಜಾತಿ, ಹುಟ್ಟೂರಿನ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ನಮ್ಮ ಸಂವಿಧಾನದ 15ನೇ ವಿಧಿ ಹೇಳುತ್ತದೆ. ಆ ಪಟ್ಟಿಯಲ್ಲಿ ಖಾಸಗಿ ಬಾಡಿಗೆ ಮನೆಯ ಹೆಸರಿಲ್ಲ. ಪಾರ್ಸಿಗಳ ಗೃಹನಿರ್ಮಾಣ ಸಹಕಾರ ಸಂಘವೊಂದು ಸದಸ್ಯತ್ವವನ್ನು ತನ್ನ ಸಮುದಾಯಕ್ಕೇ ಸೀಮಿತಗೊಳಿಸಿದ್ದನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಹಾಗಾಗಿ ಈ ಪ್ರಶ್ನೆ ಬಹುಮಟ್ಟಿಗೆ ನಮ್ಮ ಅಂತಃಕರಣಕ್ಕೇ ಉಳಿದಿದೆ.

‘ನನ್ನ ಮನೆ, ನನ್ನ ಇಷ್ಟ’ ಎನ್ನುವ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಕೆಳಗಿನ ಮನೆಯಲ್ಲಿ ಒಂಟಿಯಾಗಿರುವ ವೃದ್ಧ ದಂಪತಿಗೆ ಭಯವಿರುವುದು ಸಹಜ. ಆದರೆ ಆ ಭಯ ನಡತೆಗೆ ಸಂಬಂಧಿಸಿದ್ದು. ಹಾಗಿದ್ದರೆ ನಡತೆಯನ್ನೇ ವಿಚಾರಿಸೋಣ. ಹೆಸರು ನಡತೆಯ ಸಾಕ್ಷಿಯಲ್ಲ. ಮನೆ ಸಿಗದೆ ನೋವು ಉಂಡವರೂ ತಮ್ಮದೇ ಮನೆ ಕಟ್ಟಿದ ಮೇಲೆ ಅದೇ ಜರಡಿ ಹಿಡಿಯುವುದನ್ನು ನಮ್ಮ ಮೊಹಲ್ಲಾಗಳಲ್ಲೂ ಕಾಣುತ್ತೇವೆ.

ಮನೆ ಸಿಕ್ಕಿತೆಂದು ಮಗ ಫೋನ್ ಮಾಡಿದಾಗ ತಾಯಿ ಆ ಕಾಣದ ಮಾಲೀಕನಿಗೆ ಒಳ್ಳೆಯದಾಗಲೆಂದು ಹರಸುತ್ತಾಳೆ. ಮರುದಿನ ಆಕೆಯದೇ ಮನೆಯ ಖಾಲಿ ಕೋಣೆ ಕೇಳಿಕೊಂಡು ಪರವೂರಿನ ಇನ್ನೊಬ್ಬ ತಾಯಿಯ ಮಗ ಬಂದು ನಿಂತರೆ? ನಾವು ಅವನನ್ನು ಮೊದಲು ಏನು ಕೇಳುತ್ತೇವೆ?