ಮುಳುಗಿದ ಹಡಗಿಗೆ ಇಳಿಯುವ ಬಗೆ

🌸 *ದಿನದ ಧಮ್ಮ ಚಿಂತನೆ* 🌸



ಕಳೆದ ಡಿಸೆಂಬರ್‌ನಲ್ಲಿ ಮನೆಯವರ ಜೊತೆ ಮುರ್ಡೇಶ್ವರಕ್ಕೆ ಹೋಗಿದ್ದೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ. ನನಗೆ ಈಜು ಬರುವುದಿಲ್ಲ. ಅದಕ್ಕೊಂದು ಕಾರಣವಿದೆ. ಅಪ್ಪನ ಕಾಲಕ್ಕೆ ನಮ್ಮವರು ಊರ ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಕೊಡ ಹಿಡಿದು ದೂರ ನಿಂತು, ಯಾರಾದರೂ ನೀರು ಹುಯ್ಯುವ ತನಕ ಕಾಯಬೇಕಿತ್ತು. ಇಳಿಯಲು ಬಿಡದ ನೀರಲ್ಲಿ ಈಜು ಕಲಿಯುವುದು ಹೇಗೆ? ಅಪ್ಪನಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಈಜು ಬಾರದವರನ್ನೂ ತರಬೇತುದಾರರೇ ಹಿಡಿದುಕೊಂಡು ನೀರಿಗೆ ಇಳಿಸುತ್ತಾರೆ. ನನ್ನ ತರಬೇತುದಾರ ಹೇಳಿದ ಮೊದಲ ಮಾತು, "ಸರ್, ಏನೇ ಆಗಲಿ, ಉಸಿರು ಕಟ್ಟಬೇಡಿ." ನೀರೊಳಗೆ ಕೇಳಿಸಿದ್ದು ನನ್ನ ಉಸಿರು ಮಾತ್ರ. ಆನಾಪಾನಸತಿಯ ಪಾಠ ಅಷ್ಟು ಚೆನ್ನಾಗಿ ನನಗೆ ಎಂದೂ ಆಗಿರಲಿಲ್ಲ.

ವಾಪಸು ಬರುವಾಗ ದೋಣಿಯಲ್ಲಿ ಪ್ರಿನ್ಸೆಸ್ ಮಿರಾಲ್ ಹಡಗಿನ ಮಾತು ಬಂತು. ಉಕ್ಕಿನ ಸುರುಳಿ ಹೊತ್ತಿದ್ದ ಆ ಸರಕು ಹಡಗು 2022ರ ಜೂನ್‌ನಲ್ಲಿ ಉಳ್ಳಾಲದ ಕಡಲಲ್ಲಿ ಮುಳುಗಿತು. ಅದರಲ್ಲಿದ್ದ 15 ಮಂದಿಯನ್ನು ಕೋಸ್ಟ್ ಗಾರ್ಡ್ ಕಾಪಾಡಿತ್ತು. "ಮುಳುಗಿದ ಹಡಗನ್ನು ಯಾರಾದರೂ ಇಳಿದು ನೋಡುತ್ತಾರಾ?" ಎಂದು ಕೇಳಿದೆ. ಆಗ ಅವರು ಕೆಂಪು ಸಮುದ್ರದ ಥಿಸಲ್‌ಗಾರ್ಮ್ ಬಗ್ಗೆ ಹೇಳಿದರು. 1941ರಲ್ಲಿ ಜರ್ಮನ್ ವಿಮಾನಗಳ ಬಾಂಬಿಗೆ ಮುಳುಗಿದ ಬ್ರಿಟಿಷ್ ಸರಕು ಹಡಗು ಅದು. ಸುಮಾರು 30 ಮೀಟರ್ ಆಳದಲ್ಲಿದೆ. ಸೈನಿಕರಿಗೆಂದು ತುಂಬಿದ್ದ ಲಾರಿ, ಬೈಕು, ಬೂಟುಗಳು ಇವತ್ತಿಗೂ ಅದರ ಹೊಟ್ಟೆಯಲ್ಲಿವೆ. ಅದನ್ನು ನೋಡಲು ದೇಶದೇಶಗಳಿಂದ ಜನ ಬರುತ್ತಾರಂತೆ.

ಹಡಗಿನೊಳಗೆ ಹೋಗುವವರಿಗೆ ಒಂದು ಲೆಕ್ಕವಿದೆ. ಸಿಲಿಂಡರಿನ ಗಾಳಿಯಲ್ಲಿ ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ, ಇನ್ನೊಂದು ಪಾಲು ಆಪತ್ತಿಗೆ. ಜೊತೆಗಾರನಿಲ್ಲದೆ ಇಳಿಯುವಂತಿಲ್ಲ. ಮೇಲೆ ಬರುವಾಗ ದುಡುಕುವಂತಿಲ್ಲ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಗುಳ್ಳೆಯಾಗಿ ಪ್ರಾಣಕ್ಕೇ ಎರವಾಗಬಹುದು.

ಇದನ್ನು ಕೇಳುತ್ತಾ ನನಗೆ ಮಗಳ ಮಾತು ನೆನಪಾಯಿತು. ಅಪ್ಪನ ಬಾವಿಯ ಕಥೆಯನ್ನು ನಾನು ಮನೆಯಲ್ಲಿ ಆಗಾಗ ಹೇಳುತ್ತೇನೆ. ಒಮ್ಮೆ ಅವಳು, "ಅಪ್ಪಾ, ಆ ಕಥೆ ಹೇಳಿದ ಮೇಲೆ ನೀನು ಎರಡು ದಿನ ನಮ್ಮ ಹತ್ರ ಸರಿಯಾಗಿ ಮಾತೇ ಆಡಲ್ಲ" ಅಂದಿದ್ದಳು. ಆವತ್ತು ನನಗೆ ಸಿಟ್ಟು ಬಂದಿತ್ತು. ದೋಣಿಯಲ್ಲಿ ಕೂತಾಗ ಅರ್ಥವಾಯಿತು: ಇದ್ದ ಗಾಳಿಯನ್ನೆಲ್ಲಾ ನಾನು ಒಳಗೆ ಹೋಗುವುದಕ್ಕೇ ಖರ್ಚು ಮಾಡುತ್ತಿದ್ದೆ.

ಹಾಗೆಂದು ಹಳೆಯ ನೋವನ್ನು ಮರೆಯೋಣವೆಂದು ನಾನು ಹೇಳುತ್ತಿಲ್ಲ. ಮರೆಯಿರಿ ಎನ್ನುವವರು ಬಾವಿ ಕಟ್ಟೆಯ ಮೇಲೆ ನಿಂತಿದ್ದವರು. ನಾವು ಇಳಿದು ನೋಡಲೇಬೇಕು, ಮಕ್ಕಳಿಗೂ ತೋರಿಸಬೇಕು. ಆದರೆ ಅಲ್ಲೇ ವಾಸ ಮಾಡಬಾರದು. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನ ಕೆರೆಗೆ ಒಬ್ಬರೇ ಇಳಿಯಲಿಲ್ಲ, ಸಾವಿರಾರು ಜನರೊಂದಿಗೆ ಇಳಿದರು. ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ. ನಾಗಪುರದಲ್ಲಿ ಧಮ್ಮ ಸ್ವೀಕರಿಸಿದ್ದು 1956ರಲ್ಲಿ. ನಡುವೆ 21 ವರ್ಷ ಓದಿದರು, ಯೋಚಿಸಿದರು, ದುಡುಕಲಿಲ್ಲ. ಆಮೇಲೆ ಲಕ್ಷಾಂತರ ಜನರನ್ನು ಜೊತೆಗೇ ಮೇಲೆ ತಂದರು.

*ಇವತ್ತಿನ ಅಭ್ಯಾಸ:* ಹಳೆಯ ಅವಮಾನವೊಂದು ನೆನಪಾದರೆ ಮೊದಲು ಐದು ನಿಮಿಷ ಉಸಿರನ್ನು ಗಮನಿಸಿ. ಒಬ್ಬರೇ ಇಳಿಯಬೇಡಿ, ಮನೆಯವರಿಗೋ ಸಂಘದ ಗೆಳೆಯರಿಗೋ ಹೇಳಿಕೊಳ್ಳಿ. ಹೇಳಿಯಾದ ಮೇಲೆ ಮಕ್ಕಳ ಜೊತೆ ಕೂತು ಊಟ ಮಾಡಿ. ಮಗಳಿಗೆ ಈಜು ಕಲಿಸಬೇಕೆಂದಿದ್ದೇನೆ. ನಾನೂ ಕಲಿಯುತ್ತೇನೆ.

ಭವತು ಸಬ್ಬ ಮಂಗಲಂ 🙏
— ಬಟವಾಡಿ, ತುಮಕೂರು